ವೈದ್ಯ ಸಾಹಿತಿ ಆಂಟನ್ ಚೆಕಾಫ್

ವೈದ್ಯಶಾಸ್ತ್ರವನ್ನು ಓದಿ ಅನಂತರ ಲೇಖಕರಾದವರು ಜಗತ್ತಿನ ಸಾಹಿತ್ಯಚರಿತ್ರೆಯಲ್ಲಿ ಹಲವರುಂಟು. ಅವರಲ್ಲಿ ಬಹುಮಂದಿ ಲೇಖನಿ ಕೈಹಿಡಿದೊಡನೆ ಔಷಧದ ಪೆಟ್ಟಿಗೆಯನ್ನು ಕೆಳಗಿಟ್ಟರು. ರಷ್ಯಾ ದೇಶದ ಆಂಟನ್ ಪಾವ್ಲೊವಿಚ್ ಚೆಕಾಫರು ಹಾಗೆ ಮಾಡಲಿಲ್ಲ. ಕಥೆಗಾರರೆಂದೂ ನಾಟಕಕಾರರೆಂದೂ ಕೀರ್ತಿ ಬಂದ ಮೇಲೆಯೂ, ದೇಹದಲ್ಲಿ ತ್ರಾಣವಿರುವವರೆಗೆ ಅವರು ಬಡರೋಗಿಗಳ ಬಾಗಿಲಿಗೆ ನಡೆದರು. ಈ ಎರಡು ವೃತ್ತಿಗಳನ್ನು ಎರಡು ಸಂಸಾರಗಳಿಗೆ ಹೋಲಿಸಿ, ಒಂದರಿಂದ ಬೇಸರವಾದಾಗ ಇನ್ನೊಂದಕ್ಕೆ ಹೋಗುತ್ತೇನೆಂದು ಅವರು ನಗುತ್ತಿದ್ದುದುಂಟು. ಆ ನಗೆಮಾತನ್ನು ಹೆಚ್ಚು ನಂಬಬಾರದು. ವೈದ್ಯನು ರೋಗಿಗೆ ಏನನ್ನು ಸಲ್ಲಿಸಬೇಕು, ಎಲ್ಲಿ ತಪ್ಪುತ್ತಾನೆ, ತಪ್ಪಿದ ಮೇಲೆ ಅವನ ಗತಿಯೇನು ಎಂಬ ಪ್ರಶ್ನೆಗಳು ಅವರನ್ನು ಎರಡು ಮನೆಗಳಲ್ಲಿಯೂ ಬಿಡದೆ ಕಾಡಿದವು.

ಚೆಕಾಫರು ಈಗಿನ ಕಾಲಗಣನೆಯಂತೆ 1860ರ ಜನವರಿ 29ರಂದು, ಅಜಾಫ್ ಸಮುದ್ರದ ದಂಡೆಯ ತಾಗನ್‌ರೋಗ್ ಎಂಬ ರೇವುಪಟ್ಟಣದಲ್ಲಿ ಜನಿಸಿದರು. ಅವರ ಅಜ್ಜ ಯೆಗೋರ್ ಜಮೀನ್ದಾರನ ಜೀತದಾಳು. ಕಾಸಿಗೆ ಕಾಸು ಕೂಡಿಸಿ 1841ರಲ್ಲಿ ತನ್ನ ಮತ್ತು ತನ್ನ ಮಕ್ಕಳ ಸ್ವಾತಂತ್ರ್ಯವನ್ನು ಹಣ ತೆತ್ತು ಕೊಂಡ ಛಲಗಾರ. ರಷ್ಯಾದಲ್ಲಿ ಜೀತಪದ್ಧತಿ ರದ್ದಾದದ್ದು 1861ರಲ್ಲಿ, ಎಂದರೆ ಮೊಮ್ಮಗ ಹುಟ್ಟಿದ ಮರುವರ್ಷ. ತಂದೆ ಪಾವೆಲ್ ಕಿರಾಣಿ ಅಂಗಡಿಯನ್ನಿಟ್ಟಿದ್ದರು. ದೈವಭಕ್ತರು, ಸಂಗೀತಪ್ರಿಯರು, ಆದರೆ ಮಕ್ಕಳನ್ನು ಬಾರಿನಿಂದ ಹೊಡೆಯುವವರು. ಚಳಿಯ ಮುಂಜಾವಿನಲ್ಲಿ ಚರ್ಚಿನ ಹಾಡುಗಾರಿಕೆ, ಹಗಲು ಶಾಲೆ, ಸಂಜೆ ಅಂಗಡಿಯ ಗಲ್ಲೆ. ಬಾಲಕ ಆಂಟನ್‌ಗೆ ಬಾಲ್ಯವೆಂಬುದು ಹೆಚ್ಚೇನೂ ಉಳಿಯಲಿಲ್ಲ. 1876ರಲ್ಲಿ ತಂದೆ ದಿವಾಳಿಯಾಗಿ ಸಾಲಗಾರರ ಕಣ್ತಪ್ಪಿಸಿ ಮಾಸ್ಕೋ ನಗರಕ್ಕೆ ಓಡಿದರು. ತಾಯಿ ಮತ್ತು ಕಿರಿಯರೂ ಹೋದರು. ಹದಿನಾರರ ಆಂಟನ್ ಮಾತ್ರ ಓದು ಮುಗಿಸಲೆಂದು ಊರಿನಲ್ಲಿ ಉಳಿದು, ಮನೆಪಾಠ ಹೇಳಿ ಹೊಟ್ಟೆ ಹೊರೆದು, ಉಳಿದ ಅಲ್ಪಸ್ವಲ್ಪವನ್ನು ಮಾಸ್ಕೋಗೆ ಕಳುಹಿಸಿದನು. ಅದರ ಹಿಂದಿನ ವರ್ಷವೇ ಅವನಿಗೆ ಹೊಟ್ಟೆಯೊಳಗಿನ ಉರಿಯೂತದ ದೊಡ್ಡ ಕಾಯಿಲೆಯಾಗಿ, ಉಪಚರಿಸಿದ ವೈದ್ಯರ ಸೌಜನ್ಯವನ್ನು ಕಂಡು ತಾನೂ ವೈದ್ಯನಾಗಬೇಕೆಂಬ ಆಸೆ ಹುಟ್ಟಿತ್ತು.

1879ರಲ್ಲಿ ಊರಿನ ಪುರಸಭೆಯ ತಿಂಗಳಿಗೆ 25 ರೂಬಲ್ಲುಗಳ ವಿದ್ಯಾರ್ಥಿವೇತನವನ್ನು ಪಡೆದು ಅವರು ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯವಿಭಾಗವನ್ನು ಸೇರಿದರು. ಮನೆಯ ಭಾರವೆಲ್ಲ ಆ ವಿದ್ಯಾರ್ಥಿಯ ಹೆಗಲಿಗೇ ಬಿದ್ದಿತು. ಹಗಲು ಶವಚ್ಛೇದನ, ರಾತ್ರಿ ವಾರಪತ್ರಿಕೆಗಳಿಗೆ ನಗೆಬರಹ. ಅಂತೋಷಾ ಚೆಖೋಂತೆ ಎಂಬ ಗುಪ್ತನಾಮದಿಂದ ಸಾಲಿಗಿಷ್ಟು ಕೊಪೆಕ್ ಎಂಬ ದರದಲ್ಲಿ ಅವರು ಬರೆದುದು ನೂರಾರು. ಅವುಗಳಲ್ಲಿ ಬಹುಭಾಗವನ್ನು ಕಾಲವು ಮರೆತಿದ್ದರೆ ಅದರಿಂದ ಸಾಹಿತ್ಯಕ್ಕೆ ನಷ್ಟವಿಲ್ಲ. ಒಂದು ಸಂಸಾರದ ಅನ್ನವಂತೂ ಅದರಿಂದ ನಡೆಯಿತು.

ವಿಶ್ವವಿದ್ಯಾಲಯದಲ್ಲಿ ಅವರ ಮನಸ್ಸನ್ನು ಬಲವಾಗಿ ಹಿಡಿದವರು ಗ್ರಿಗೋರಿ ಜಖಾರಿನ್ ಎಂಬ ಪ್ರಾಧ್ಯಾಪಕರು. ಪ್ರಯೋಗಶಾಲೆಯ ಪರೀಕ್ಷೆಗಳು ಇನ್ನೂ ಬಾಲ್ಯಾವಸ್ಥೆಯಲ್ಲಿದ್ದ ಆ ಕಾಲದಲ್ಲಿ ಜಖಾರಿನ್ನರು ರೋಗಿಯನ್ನು ಪ್ರಶ್ನಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ್ದರು. ರೋಗಿಯು ವಾಸಿಸುವ ಮನೆಯಲ್ಲಿ ತೇವವಿದೆಯೆ, ಏನು ಉಣ್ಣುತ್ತಾನೆ, ಎಷ್ಟು ಹೊತ್ತು ದುಡಿಯುತ್ತಾನೆ, ನಿದ್ದೆ ಹೇಗೆ, ಮನೆಯಲ್ಲಿ ಸುಖವುಂಟೆ ಎಂದು ತಾಳ್ಮೆಯಿಂದ ಕೇಳಿ, ಕೇಳಿದುದನ್ನು ಕ್ರಮವಾಗಿ ಹೊಂದಿಸಿ, ರೋಗದ ಹೆಸರಿಗಿಂತ ರೋಗಿಯೆಂಬ ಒಬ್ಬ ಮನುಷ್ಯನನ್ನು ಅರಿಯಬೇಕೆಂಬುದು ಅವರ ಬೋಧೆ. ಲೇಖಕರಲ್ಲಿ ಟಾಲ್‌ಸ್ಟಾಯ್ ಹೇಗೋ ವೈದ್ಯರಲ್ಲಿ ಜಖಾರಿನ್ ಹಾಗೆ ಎಂಬುದು ಚೆಕಾಫರ ಎಣಿಕೆಯಾಗಿತ್ತು. ಚೆಕಾಫರ ಕಥನಕಲೆಯ ಬೇರುಗಳನ್ನು ಅರಸುವವರು ಗುರುವಿನ ಈ ಪ್ರಶ್ನಾವಳಿಯನ್ನು ಕಡೆಗಣಿಸಬಾರದು. ಅವರ ಕಥೆಗಳಲ್ಲಿ ಗೋಡೆಯ ಕಲೆ, ಚಹಾದ ಪಾತ್ರೆ, ಹರಿದ ನಿಲುವಂಗಿಗಳು ಅಲಂಕಾರಕ್ಕಾಗಿ ಬರುವುದಿಲ್ಲ. ರೋಗದ ಚಿಹ್ನೆಗಳಂತೆ ಅರ್ಥವನ್ನು ಹೊತ್ತು ಬರುತ್ತವೆ.

1884ರಲ್ಲಿ ಪದವಿ ಪಡೆದ ಚೆಕಾಫರು ಮಾಸ್ಕೋ ಬಳಿಯ ಗ್ರಾಮೀಣ ಆಸ್ಪತ್ರೆಗಳಲ್ಲಿ ಕೆಲಕಾಲ ದುಡಿದರು. ಆಗ ರಷ್ಯಾದಲ್ಲಿ ಜೆಮ್‌ಸ್ತ್ವೊ ಎಂಬ ಸ್ಥಳೀಯ ಸಂಸ್ಥೆಗಳಿದ್ದವು. 1864ರಲ್ಲಿ ಏರ್ಪಟ್ಟ ಇವು ಕನ್ನಡನಾಡಿನ ಹಿಂದಿನ ಜಿಲ್ಲಾ ಬೋರ್ಡುಗಳಂತೆ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ನೋಡಿಕೊಳ್ಳುತ್ತಿದ್ದವು. ಅಲ್ಲಿಯ ವೈದ್ಯರಿಗೆ ಸಂಬಳ ಕಡಮೆ, ರೋಗಿಗಳು ಅಸಂಖ್ಯ, ದಾರಿ ಕೆಸರು. ಅನಂತರ ಅವರು ಮಾಸ್ಕೋದಲ್ಲಿ ಬಾಗಿಲಿಗೆ ಹೆಸರಿನ ಫಲಕವನ್ನು ಹಾಕಿ ವೃತ್ತಿ ನಡೆಸಿದರು. ಆ ಫಲಕದ ವಿಷಯದಲ್ಲಿ ಅವರ ತಮ್ಮ ಮಿಖಾಯಿಲ್ ಬರೆದಿಟ್ಟಿರುವ ಸಂಗತಿಯೊಂದಿದೆ. ಪರಿಚಿತರ ಮನೆಯೊಂದರಲ್ಲಿ ತಾಯಿಗೂ ಮೂವರು ಹೆಣ್ಣುಮಕ್ಕಳಿಗೂ ಒಟ್ಟಿಗೆ ವಿಷಮಜ್ವರ ತಗಲಿತು. ತರುಣ ವೈದ್ಯರು ಹಗಲಿರುಳೆನ್ನದೆ ಶುಶ್ರೂಷೆ ಮಾಡಿದರೂ ತಾಯಿಯೂ ಒಬ್ಬ ಮಗಳೂ ಉಳಿಯಲಿಲ್ಲ. ಆ ಹುಡುಗಿ ಪ್ರಾಣ ಬಿಡುವಾಗ ವೈದ್ಯರ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಮನೆಗೆ ಬಂದ ಚೆಕಾಫರು ಫಲಕವನ್ನು ತೆಗೆದರು. ಮತ್ತೆ ಅದನ್ನು ತೂಗುಹಾಕಲಿಲ್ಲ. ರೋಗಿಗಳನ್ನು ನೋಡುವುದನ್ನು ಅವರು ಬಿಡಲಿಲ್ಲ. ಆದರೆ ವೈದ್ಯವನ್ನು ವ್ಯಾಪಾರವಾಗಿಸಿಕೊಂಡು ಹಣ ಕೂಡಿಸುವ ದಾರಿ ಅಂದಿಗೆ ಮುಚ್ಚಿಹೋಯಿತೆಂದೇ ಹೇಳಬೇಕು.

ಈ ವರ್ಷಗಳಲ್ಲಿಯೇ ಅವರ ಕಥೆಗಳ ಬಣ್ಣ ಬದಲಾಯಿತು. ಮೊದಮೊದಲು ಅವರಿಗೆ ಆಸ್ಪತ್ರೆಯೂ ನಗೆಯ ವಸ್ತುವಾಗಿತ್ತು. ಹಲ್ಲು ಕೀಳುವ ಕಾಂಪೌಂಡರನೊಬ್ಬನ ಬಡಾಯಿಯನ್ನೂ ಅವನ ಕೈಗೆ ಸಿಕ್ಕ ಚರ್ಚಿನ ಸೇವಕನ ಗೋಳನ್ನೂ ಹಾಸ್ಯವಾಗಿ ಚಿತ್ರಿಸಿದ ಕಥೆ 1884ರದು. 1886ರಲ್ಲಿ ಬಂದ ಇನ್ನೊಂದು ಕಥೆಯಲ್ಲಿ ನಗೆ ಪೂರ್ತಿ ಆರಿದೆ. ಮಗನನ್ನು ಕಳೆದುಕೊಂಡ ಬಾಡಿಗೆ ಬಂಡಿಯ ಮುದುಕ ಇಯೋನಾ ಹಿಮ ಸುರಿಯುವ ರಾತ್ರಿಯಲ್ಲಿ ಸವಾರಿಗೆ ಬಂದವರಿಗೆಲ್ಲ ತನ್ನ ದುಃಖವನ್ನು ಹೇಳಿಕೊಳ್ಳಲು ಹವಣಿಸುತ್ತಾನೆ. ಮಗನಿಗೆ ಕಾಯಿಲೆ ಹೇಗೆ ಬಂದಿತು, ಅವನು ಸಾಯುವ ಮುನ್ನ ಏನೆಂದನು ಎಂಬುದನ್ನು ಕ್ರಮವಾಗಿ ಹೇಳಬೇಕು, ಕೇಳುವವರಿಲ್ಲ. ಕೊನೆಗೆ ಲಾಯದಲ್ಲಿ ತನ್ನ ಬಡಕಲು ಕುದುರೆಗೆ ಅದನ್ನೆಲ್ಲ ಹೇಳುತ್ತಾನೆ. ಇದರಲ್ಲಿ ವೈದ್ಯನ ಪಾತ್ರವೇ ಇಲ್ಲ. ಆದರೂ ಜಖಾರಿನ್ನರ ಶಿಷ್ಯನಲ್ಲದೆ ಇನ್ನೊಬ್ಬರು ಇದನ್ನು ಬರೆಯುವುದು ಕಷ್ಟವಿತ್ತು.

1887ರ ‘ಶತ್ರುಗಳು’ ಎಂಬ ಕಥೆಯು ವೈದ್ಯಧರ್ಮದ ವಿಚಾರಕ್ಕೆ ಅವರು ಕೈಯಿಕ್ಕಿದ ಮೊದಲ ಗಂಭೀರ ಪ್ರಯತ್ನ. ಕಿರಿಲೋಫ್ ಎಂಬ ಗ್ರಾಮೀಣ ವೈದ್ಯನ ಆರು ವರ್ಷದ ಒಬ್ಬನೇ ಮಗ ಗಂಟಲುಮಾರಿಯಿಂದ ಆಗತಾನೆ ಸತ್ತಿದ್ದಾನೆ. ತಾಯಿ ಹಾಸಿಗೆಯ ಬಳಿ ಕುಸಿದಿದ್ದಾಳೆ. ಬಾಗಿಲ ಗಂಟೆ ಬಾರಿಸುತ್ತದೆ. ಅಬೋಗಿನ್ ಎಂಬ ಶ್ರೀಮಂತನು, ಹೆಂಡತಿ ಸಾಯುತ್ತಿದ್ದಾಳೆ, ಈಗಲೇ ಬರಬೇಕು ಎಂದು ಅಂಗಲಾಚುತ್ತಾನೆ. ಕಾನೂನಿನ ಪ್ರಕಾರ ವೈದ್ಯನು ಹೋಗಲೇಬೇಕು. ಕತ್ತಿನ ಪಟ್ಟಿ ಹಿಡಿದು ಎಳೆದೊಯ್ಯುವ ಹಕ್ಕೂ ಕರೆದವನಿಗುಂಟೆಂದು ಕಿರಿಲೋಫನೇ ಬಲ್ಲ. ಆದರೆ ಮಗನ ಹೆಣವನ್ನೂ ಮಡದಿಯನ್ನೂ ಬಿಟ್ಟು ಹೇಗೆ ಹೋದಾನು? ಕಡೆಗೆ ಹೋಗುತ್ತಾನೆ. ಅಲ್ಲಿ ನೋಡಿದರೆ ಆಕೆಗೆ ಕಾಯಿಲೆಯೇ ಇಲ್ಲ. ಗಂಡನನ್ನು ವೈದ್ಯನ ಮನೆಗೆ ಅಟ್ಟಿ, ಆ ಎಡೆಯಲ್ಲಿ ಪ್ರಿಯಕರನೊಡನೆ ಓಡಿಹೋಗಿದ್ದಾಳೆ. ಇಬ್ಬರು ದುಃಖಿಗಳು ಎದುರುಬದುರು ನಿಂತು ಒಬ್ಬರನ್ನೊಬ್ಬರು ಕ್ರೂರವಾಗಿ ನಿಂದಿಸುತ್ತಾರೆ. ದುಃಖವು ಮನುಷ್ಯರನ್ನು ಹತ್ತಿರಕ್ಕೆ ತರುತ್ತದೆಂಬ ಸಾಮಾನ್ಯ ನಂಬುಗೆಯನ್ನು ಚೆಕಾಫರು ಇಲ್ಲಿ ಮುರಿದಿದ್ದಾರೆ. ವೈದ್ಯನ ಕಡೆಗೆ ಓದುಗನ ಮರುಕವೆಲ್ಲ ಹರಿದಿರುವ ಹೊತ್ತಿನಲ್ಲಿಯೇ, ಆ ವೈದ್ಯನ ಕೋಪವು ಅನ್ಯಾಯದ್ದೆಂದೂ ಅದು ಅವನ ಮನಸ್ಸಿನಲ್ಲಿ ಸಾಯುವವರೆಗೆ ಉಳಿಯುವುದೆಂದೂ ತಿಳಿಸುತ್ತಾರೆ. ಹೋದುದು ಸರಿಯೋ ತಪ್ಪೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರಶ್ನೆಯನ್ನು ನೆಟ್ಟಗೆ ಮುಂದಿಡುವುದು ಲೇಖಕನ ಹೊಣೆ, ತೀರ್ಪು ಕೊಡುವುದು ಓದುಗನ ಹೊಣೆ ಎಂಬುದು ಅವರ ನಿಲುವು. ನೀತಿಬೋಧೆಯನ್ನು ನಿರೀಕ್ಷಿಸುವವರಿಗೆ ಇದು ಕೊರತೆಯೆಂದು ತೋರಬಹುದು. ಆದರೆ ಹೀಗೆ ಬಿಟ್ಟುಕೊಟ್ಟ ಪ್ರಶ್ನೆಯು ಉತ್ತರಿಸಿದ ಪ್ರಶ್ನೆಗಿಂತ ಹೆಚ್ಚು ದಿನ ನಿದ್ದೆ ಕೆಡಿಸುತ್ತದೆ.

1888ರಲ್ಲಿ ಪುಷ್ಕಿನ್ ಪ್ರಶಸ್ತಿ ಬಂದಿತು. 1889ರಲ್ಲಿ ಚಿತ್ರಕಾರನಾಗಿದ್ದ ಅಣ್ಣ ನಿಕೊಲಾಯ್ ಕ್ಷಯದಿಂದ ತೀರಿಕೊಂಡನು. ಕೀರ್ತಿ ಮತ್ತು ಶೋಕಗಳ ನಡುವೆ ಚೆಕಾಫರು, ಗೆಳೆಯರೆಲ್ಲ ಬೆರಗಾಗುವಂತೆ, 1890ರ ಏಪ್ರಿಲ್ ತಿಂಗಳಲ್ಲಿ ಸಖಾಲಿನ್ ದ್ವೀಪಕ್ಕೆ ಹೊರಟರು. ಅದು ರಷ್ಯಾದ ಪೂರ್ವದ ತುದಿಯಲ್ಲಿದ್ದ ಕೈದಿಗಳ ವಸಾಹತು. ಸೈಬೀರಿಯದ ಮಹಾ ರೈಲುದಾರಿಯ ಕೆಲಸ ಆರಂಭವಾದದ್ದು 1891ರಲ್ಲಿ. ಆದಕಾರಣ ಸಾವಿರಾರು ಮೈಲಿಗಳ ದಾರಿಯನ್ನು ಕುದುರೆಗಾಡಿಯಲ್ಲಿಯೂ ನದಿಯ ದೋಣಿಗಳಲ್ಲಿಯೂ ಕ್ರಮಿಸಬೇಕಾಯಿತು. ಆ ವೇಳೆಗಾಗಲೇ ಅವರು ರಕ್ತ ಕಾರುತ್ತಿದ್ದ ಮನುಷ್ಯ. ವೈದ್ಯಶಾಸ್ತ್ರಕ್ಕೆ ತಾವು ಸಲ್ಲಿಸಬೇಕಾದ ಋಣವೊಂದು ಉಳಿದಿದೆಯೆಂಬುದು ಅವರು ಕೊಟ್ಟ ಕಾರಣ.

ದ್ವೀಪದಲ್ಲಿ ಮೂರು ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲವಿದ್ದು, ಗುಡಿಸಲಿನಿಂದ ಗುಡಿಸಲಿಗೆ ನಡೆದು, ಸುಮಾರು 10,000 ಜನರ ವಿವರಗಳನ್ನು ತಾವೇ ಅಚ್ಚು ಹಾಕಿಸಿದ ಚೀಟಿಗಳಲ್ಲಿ ಬರೆದುಕೊಂಡರು. ಹೆಸರು, ವಯಸ್ಸು, ಹುಟ್ಟಿದ ಊರು, ಅಕ್ಷರ ಬರುತ್ತದೆಯೆ, ಏನು ಕಾಯಿಲೆ. ಮತ್ತೆ ಜಖಾರಿನ್ನರ ಪ್ರಶ್ನೆಗಳೇ. ಆದರೆ ಈ ಸಲ ರೋಗಿಯು ಇಡೀ ಒಂದು ದ್ವೀಪ. ಬೆತ್ತದ ಶಿಕ್ಷೆಯನ್ನು ಕಣ್ಣಾರೆ ಕಂಡು ನಿದ್ದೆಗೆಟ್ಟರು. ಅಲ್ಲಿಯ ಆಸ್ಪತ್ರೆಯಲ್ಲಿ ಒಂದು ದಿನ ಹೊರರೋಗಿಗಳನ್ನು ನೋಡಲು ಕುಳಿತಾಗ ಕತ್ತಿನಲ್ಲಿ ಬಾವು ಬಂದ ಹುಡುಗನೊಬ್ಬನನ್ನು ಕರೆತಂದರು. ಬಾವನ್ನು ಕೊಯ್ಯಲು ಕತ್ತಿ ಕೇಳಿದರೆ ಬಂದುದು ಮೊಂಡು ಕತ್ತಿ. ಇನ್ನೊಂದು ತಂದರೆ ಅದೂ ಮೊಂಡು. ತೊಳೆಯುವ ಬೋಗುಣಿಯಿಲ್ಲ, ಹತ್ತಿಯಿಲ್ಲ, ನೆಟ್ಟನೆಯ ಕತ್ತರಿಯಿಲ್ಲ, ನೀರು ಸಹ ಸಾಕಷ್ಟಿಲ್ಲ. ಲೆಕ್ಕದ ಪುಸ್ತಕಗಳಲ್ಲಿ ಮಾತ್ರ ಆಸ್ಪತ್ರೆಗೆ ಸರ್ಕಾರ ಮಾಡಿದ ವೆಚ್ಚ ದೊಡ್ಡದಾಗಿಯೇ ಇತ್ತು. ‘ಸಖಾಲಿನ್ ದ್ವೀಪ’ ಎಂಬ ಹೆಸರಿನಲ್ಲಿ 1895ರಲ್ಲಿ ಪುಸ್ತಕವಾಗಿ ಬಂದ ಅವರ ವರದಿಯಲ್ಲಿ ಕೂಗಾಟವಿಲ್ಲ, ಕಣ್ಣೀರಿಲ್ಲ. ಮೊಂಡು ಕತ್ತಿಯನ್ನು ಮೊಂಡು ಕತ್ತಿಯೆಂದು ಬರೆದಿದ್ದಾರೆ, ಅಷ್ಟೆ. ಸಖಾಲಿನ್ನಿನ ಶಾಲೆಗಳಿಗೆ ಅವರು ಸಾವಿರಾರು ಪುಸ್ತಕಗಳನ್ನು ಕೂಡಿಸಿ ಕಳುಹಿಸಿದುದನ್ನೂ ಇಲ್ಲಿ ನೆನೆಯಬೇಕು. ಹಿಂದಿರುಗುವಾಗ ಸಮುದ್ರಮಾರ್ಗವನ್ನು ಹಿಡಿದು ಹಾಂಗ್‌ಕಾಂಗ್, ಸಿಂಗಪುರಗಳನ್ನು ಹಾದು ಸಿಂಹಳಕ್ಕೆ ಬಂದರು. ಭಾರತದ ನೆಲಕ್ಕೆ ಅವರು ಬಂದ ಅತಿ ಸಮೀಪದ ಎಡೆ ಅದೇ. ಅಲ್ಲಿಂದ ಸಾಕಲೆಂದು ಮುಂಗುಸಿಗಳನ್ನೂ ಕೊಂಡೊಯ್ದರು. ಹಡಗಿನಲ್ಲಿ ಸತ್ತವರನ್ನು ಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಬಿಡುವುದನ್ನು ಕಂಡುದರ ಫಲವಾಗಿ, ಹಡಗಿನ ಆಸ್ಪತ್ರೆಯಲ್ಲಿ ಸಾಯುವ ಗೂಸೆಫ್ ಎಂಬ ಸಿಪಾಯಿಯ ಕಥೆ ಹುಟ್ಟಿತು.

1892ರಲ್ಲಿ ಚೆಕಾಫರು ಮಾಸ್ಕೋದ ದಕ್ಷಿಣಕ್ಕೆ ಮೆಲಿಖೊವೊ ಎಂಬ ಹಳ್ಳಿಯಲ್ಲಿ ತೋಟ ಹೊಲಗಳನ್ನು ಕೊಂಡು ತಂದೆತಾಯಿಗಳೊಡನೆ ನೆಲಸಿದರು. ಹಿಂದಿನ ವರ್ಷದ ಭೀಕರ ಕ್ಷಾಮದ ಬೆನ್ನಲ್ಲಿಯೇ ಕಾಲರಾ ಬರುತ್ತಿತ್ತು. ಜಿಲ್ಲೆಯ ಸಂಸ್ಥೆಯು ಕೇಳಿಕೊಂಡಾಗ 25 ಹಳ್ಳಿಗಳು, 4 ಕಾರ್ಖಾನೆಗಳು, 1 ಸಂನ್ಯಾಸಿಮಠ ಇವುಗಳ ವೈದ್ಯಭಾರವನ್ನು ಸಂಬಳವಿಲ್ಲದೆ ಹೊತ್ತರು. ಔಷಧಕ್ಕೂ ತಾತ್ಕಾಲಿಕ ಆಸ್ಪತ್ರೆಗೂ ಬೇಕಾದ ಹಣವನ್ನು ನೆರೆಯ ಕಾರ್ಖಾನೆಗಳ ಧಣಿಗಳಿಂದ ಬೇಡಿ ತಂದರು. ಬರವಣಿಗೆ ನಿಂತಿತು, ಸಂಪಾದನೆ ನಿಂತಿತು. ಬೆಳಗಿನ ಜಾವಕ್ಕೇ ಬಾಗಿಲಲ್ಲಿ ರೋಗಿಗಳ ಸಾಲು. ರೈತರನ್ನು ದೇವಮಾನವರೆಂದು ಹೊಗಳುವ ಅಂದಿನ ಬರಹಗಾರರ ಚಾಳಿಗೆ ಅವರೇಕೆ ಸೇರಲಿಲ್ಲವೆಂಬುದು ಇಲ್ಲಿ ತಿಳಿಯುತ್ತದೆ. ಅವರ ಹುಣ್ಣುಗಳನ್ನು ತೊಳೆದವರಿಗೆ ಅವರನ್ನು ಪೂಜಿಸುವ ಅಗತ್ಯ ತೋರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಪ್ರಕಟವಾದುದು ‘ಆರನೆಯ ನಂಬರಿನ ವಾರ್ಡು’. ಚೆಕಾಫರ ವೈದ್ಯಕಥೆಗಳಿಗೆಲ್ಲ ಇದು ಶಿಖರ. ಒಂದು ಸಣ್ಣ ಊರಿನ ಆಸ್ಪತ್ರೆಯ ಹಿತ್ತಲಿನಲ್ಲಿ ಹುಚ್ಚರ ಕೊಠಡಿ. ಕಿಟಕಿಗೆ ಸರಳು, ನೆಲಕ್ಕೆ ಹೊಲಸು, ಬಾಗಿಲಿಗೆ ನಿಕೀತಾ ಎಂಬ ಕಾವಲುಗಾರ. ಒಳಗಿರುವವರನ್ನು ಗುದ್ದಿ ಗುದ್ದಿ ಸುಮ್ಮನಿರಿಸುವುದು ಅವನ ಕರ್ತವ್ಯನಿಷ್ಠೆ. ಆಸ್ಪತ್ರೆಯ ವೈದ್ಯ ರಾಗಿನ್ ದುಷ್ಟನಲ್ಲ. ಓದಿದವನು, ಮೃದುಭಾಷಿ, ಊಟವಿಲ್ಲದಿದ್ದರೂ ಅಡುಗೆಯವಳನ್ನು ಗದರಿಸಿ ಕೇಳಲಾರನು. ಮೊದಲು ಶ್ರದ್ಧೆಯಿಂದ ದುಡಿದನು. ಬರಬರುತ್ತ, ಇಂದು ಮೂವತ್ತು ಮಂದಿ ಬಂದರೆ ನಾಳೆ ಮೂವತ್ತೈದು ಮಂದಿ ಬರುತ್ತಾರೆ, ಸಾವಂತೂ ನಿಲ್ಲದು, ಮತ್ತೇಕೆ ಈ ಶ್ರಮ ಎಂಬ ಬೇಸರ ಹಿಡಿಯಿತು. ಆ ಬೇಸರಕ್ಕೆ ಅವನು ತತ್ತ್ವಶಾಸ್ತ್ರದ ಅಂಗಿಯನ್ನು ತೊಡಿಸಿದನು. ನೋವೆಂಬುದು ಮನಸ್ಸಿನ ಭಾವನೆಯಷ್ಟೆ. ಬೆಚ್ಚನೆಯ ಓದುಕೋಣೆಗೂ ಹುಚ್ಚರ ಕೊಠಡಿಗೂ ವಿವೇಕಿಗೆ ಭೇದವಿಲ್ಲ ಎಂದು ಅವನು ಒಳಗಿರುವ ಗ್ರೋಮೋಫ್ ಎಂಬ ರೋಗಿಗೆ ಬೋಧಿಸುತ್ತಾನೆ. ಯಾರೋ ತನ್ನನ್ನು ಹಿಡಿಯಲು ಬರುತ್ತಿದ್ದಾರೆಂಬ ಭ್ರಮೆಯ ಆ ರೋಗಿಯೇ ಊರಿನಲ್ಲಿ ಮಾತಿಗೆ ತಕ್ಕವನೆಂದು ವೈದ್ಯನು ದಿನವೂ ಅಲ್ಲಿಗೆ ಹೋಗತೊಡಗುತ್ತಾನೆ. ಎಂದೂ ಏಟು ತಿನ್ನದವನಿಗೆ ನೋವಿನ ವಿಷಯ ಮಾತಾಡುವ ಹಕ್ಕು ಎಲ್ಲಿಯದು ಎಂದು ಗ್ರೋಮೋಫ್ ಹೀಯಾಳಿಸುತ್ತಾನೆ. ವೈದ್ಯನೇ ಹುಚ್ಚನಾದನೆಂದು ಊರು ಪಿಸುಗುಟ್ಟುತ್ತದೆ. ಅವನ ಕೆಲಸದ ಮೇಲೆ ಕಣ್ಣಿಟ್ಟ ಕಿರಿಯ ವೈದ್ಯನು ಒಂದು ಸಂಜೆ ಉಪಾಯದಿಂದ ಅವನನ್ನು ಅದೇ ಕೊಠಡಿಗೆ ಕರೆದೊಯ್ಯುತ್ತಾನೆ. ರಾತ್ರಿ, ಬಾಗಿಲು ತೆಗೆಯೆಂದು ಕೂಗಿದ ರಾಗಿನ್ನನ ಮುಖಕ್ಕೆ ನಿಕೀತಾನ ಮುಷ್ಟಿ ಬೀಳುತ್ತದೆ. ಬಾಯಲ್ಲಿ ರಕ್ತದ ಉಪ್ಪುರುಚಿ ಬಂದಾಗ ಅವನಿಗೆ ಹೊಳೆಯುತ್ತದೆ: ಇಪ್ಪತ್ತು ವರ್ಷಗಳಿಂದ, ತನ್ನ ಕಣ್ಣೆದುರಿನಲ್ಲಿಯೇ, ಈ ಜನರು ದಿನದಿನವೂ ಇದೇ ನೋವನ್ನು ಉಂಡಿದ್ದಾರೆ, ತಾನು ಅದನ್ನು ಅರಿಯಲಿಲ್ಲ, ಅರಿಯಲು ಬಯಸಲೂ ಇಲ್ಲ. ಮರುದಿನ ಅವನು ಸಾಯುತ್ತಾನೆ.

ರಾಗಿನ್ನನ ಅಪರಾಧವು ಯಾವ ನ್ಯಾಯಾಲಯಕ್ಕೂ ಹೋಗುವಂಥದಲ್ಲ. ಅವನು ಲಂಚ ತಿನ್ನಲಿಲ್ಲ, ಯಾರಿಗೂ ವಿಷ ಕೊಡಲಿಲ್ಲ. ಕಂಡುದನ್ನು ಕಾಣದಂತೆ ಇದ್ದನು, ಕಾಣದಿರುವುದಕ್ಕೆ ಉದಾತ್ತವಾದ ಕಾರಣಗಳನ್ನು ಹುಡುಕಿಕೊಂಡನು. ವಿದ್ಯಾವಂತರಿಗೆ ಈ ಕಥೆ ಚುಚ್ಚುವುದು ಇದಕ್ಕಾಗಿಯೇ. ತರುಣ ಲೆನಿನ್ ಇದನ್ನು ಓದಿದ ರಾತ್ರಿ, ತಾನೇ ಆ ವಾರ್ಡಿನಲ್ಲಿ ಸೆರೆಯಾದಂತೆನಿಸಿ ಕೋಣೆಯಲ್ಲಿ ಕೂರಲಾರದೆ ಎದ್ದುಹೋದನೆಂದು ಅವನ ಸೋದರಿ ದಾಖಲಿಸಿದ್ದಾಳೆ. ಗಮನಿಸಬೇಕಾದ ಸಂಗತಿಯೆಂದರೆ, ಕೈಬಿಟ್ಟ ವೈದ್ಯನ ಈ ಚಿತ್ರ ಹೊರಬಂದ ವರ್ಷದಲ್ಲಿಯೇ ಅದನ್ನು ಬರೆದ ವೈದ್ಯರು ಕಾಲರಾ ಊರುಗಳಲ್ಲಿ ಕೆಸರು ತುಳಿಯುತ್ತಿದ್ದರು. ರಾಗಿನ್ನನ ಬೇಸರ ಅವರಿಗೆ ಅಪರಿಚಿತವಾಗಿರಲಿಲ್ಲ. ಒಂದೇ ಕಾಯಿಲೆ, ಒಂದೇ ಅಜ್ಞಾನ, ನಡುರಾತ್ರಿಯ ಕರೆಗಳಿಂದ ರೋಸಿಹೋದುದನ್ನು ಅವರೇ ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. ತಮ್ಮೊಳಗೆ ಇಣುಕಿದ್ದ ರೋಗವನ್ನೇ ಅವರು ಇನ್ನೊಬ್ಬನಿಗೆ ಹಚ್ಚಿ ಅದರ ಕೊನೆಯವರೆಗೆ ನೋಡಿದರೆನ್ನಬಹುದು.

ಬೇರೆ ಬಗೆಯ ವೈದ್ಯರನ್ನೂ ಅವರು ಚಿತ್ರಿಸದಿರಲಿಲ್ಲ. ಹುಡುಗನೊಬ್ಬನ ಗಂಟಲುಮಾರಿಯ ಪೊರೆಯನ್ನು ನಳಿಕೆಯಿಂದ ಹೀರಿ, ಆ ಸೋಂಕಿನಿಂದಲೇ ಸಾಯುವ ದೀಮೋಫ್. ಹಣದ ನೋಟುಗಳನ್ನು ಎಣಿಸುವುದರಲ್ಲಿ ಕ್ರಮೇಣ ಕೊಬ್ಬಿ ಕಲ್ಲಾಗುವ ಇಯೋನಿಚ್. ರೋಗಿ ಕೈಯಲ್ಲಿಯೇ ಸತ್ತುದನ್ನು ಮರೆಯಲಾರದ, ಕಾಡುಗಳನ್ನು ನೆಡುವ ಆಸ್ತ್ರೋಫ್. 1898ರ ಕಥೆಯೊಂದರಲ್ಲಿ ಕಾರ್ಖಾನೆಯ ಒಡತಿಯ ಮಗಳನ್ನು ನೋಡಲು ಬಂದ ಕೊರೊಲ್ಯೋಫ್ ಎಂಬ ವೈದ್ಯನಿಗೆ ಆಕೆಯ ದೇಹದಲ್ಲಿ ರೋಗವೇ ಕಾಣುವುದಿಲ್ಲ. ರಾತ್ರಿ ಅಲ್ಲಿಯೇ ಉಳಿದು, ಕಾರ್ಖಾನೆಯ ಕಾವಲುಗಾರರು ಹೊತ್ತುಹೊತ್ತಿಗೆ ಬಾರಿಸುವ ಸದ್ದನ್ನು ಕೇಳಿ, ಕೂಲಿಕಾರರ ಬಾಳನ್ನು ನೆನೆದು, ಆ ಹುಡುಗಿಗೆ ನಿದ್ದೆ ಬಾರದಿರುವುದು ಸಹಜವೆಂದೂ ಒಂದು ರೀತಿಯಲ್ಲಿ ಗೌರವಕ್ಕೆ ಯೋಗ್ಯವೆಂದೂ ಅವಳೊಡನೆ ಕುಳಿತು ಮಾತಾಡುತ್ತಾನೆ. ಔಷಧದ ಚೀಟಿ ಬರೆಯದೆಯೇ ನಡೆದ ಚಿಕಿತ್ಸೆ ಅದು. ಚೆಕಾಫರು ವೈದ್ಯನಿಂದ ಬಯಸಿದುದೇನೆಂಬುದಕ್ಕೆ, ಪ್ರಸಿದ್ಧಿಯಲ್ಲಿ ಹಿಂದುಳಿದ ಈ ಕಥೆಯೇ ಹೆಚ್ಚು ಒಳ್ಳೆಯ ಸಾಕ್ಷಿ.

ಈ ಬಯಕೆಯನ್ನು ಬೋಧನೆಯ ರೂಪಕ್ಕೆ ತರಬೇಕೆಂಬ ಆಸೆಯೂ ಅವರಿಗಿತ್ತು. ಸಹಪಾಠಿಯೂ ಮುಂದೆ ನರರೋಗಶಾಸ್ತ್ರದ ಪ್ರಾಧ್ಯಾಪಕರೂ ಆದ ರೊಸ್ಸೋಲಿಮೊ ಅವರೊಡನೆ ಒಮ್ಮೆ ಇದನ್ನು ಹೇಳಿಕೊಂಡರು. ತಾವು ಅಧ್ಯಾಪಕರಾದರೆ, ರೋಗಿಯ ಒಳಗಿನ ಅನುಭವ ಹೇಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ತಮ್ಮದೇ ಎಂಬಂತೆ ಅರಿಯುವ ಹಾಗೆ ಪಾಠ ಹೇಳುವುದಾಗಿ ಅವರ ಇಂಗಿತ. ಹಾಗೆ ಪಾಠ ಹೇಳಲು ಪದವಿಯೊಂದು ಬೇಕಿತ್ತು. ಸಖಾಲಿನ್ ಪುಸ್ತಕವನ್ನೇ ಪ್ರಬಂಧವಾಗಿ ಒಪ್ಪಬಹುದೇ ಎಂದು ರೊಸ್ಸೋಲಿಮೊ ವಿಭಾಗದ ಮುಖ್ಯಸ್ಥರನ್ನು ಕೇಳಿದರು. ಆ ಮಹಾಶಯರು ಕನ್ನಡಕದ ಮೇಲಿನಿಂದ ನೋಡಿ, ಮಾತಾಡದೆ ಬೆನ್ನು ತಿರುಗಿಸಿ ನಡೆದರು. ಚೆಕಾಫರು ಸುದ್ದಿ ಕೇಳಿ ಗಟ್ಟಿಯಾಗಿ ನಕ್ಕುಬಿಟ್ಟರಂತೆ. ಆ ವಿಚಾರ ಅಲ್ಲಿಗೆ ಕೈಬಿಟ್ಟಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳು ಕಥೆ ಕಾದಂಬರಿಗಳ ಮೂಲಕ ವೈದ್ಯನೀತಿಯನ್ನು ಬೋಧಿಸತೊಡಗಿದಾಗ ಚೆಕಾಫರ ಕಥೆಗಳೇ ಪಠ್ಯಗಳಾದವು. 2000ದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ರೀಟಾ ಶರನ್ ಎಂಬ ವೈದ್ಯೆಯು ರೋಗಿಯ ಕಥೆಯನ್ನು ಕೇಳುವ ವಿದ್ಯೆಗೇ ಒಂದು ವಿಭಾಗವನ್ನು ತೆರೆದರು. ಭಾರತದಲ್ಲಿಯೂ 2019ರಿಂದ ವೈದ್ಯಪದವಿಯ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನಗಳ ಬೋಧೆ ಸೇರಿದೆ. ಮಾಸ್ಕೋದ ಆ ಮುಖ್ಯಸ್ಥರು ಕೊಡದೆಹೋದ ಪೀಠ ಹೀಗೆ ಬೇರೆಬೇರೆ ಊರುಗಳಲ್ಲಿ ತಡವಾಗಿ ದೊರೆಯಿತು.

ಮೆಲಿಖೊವೊದಲ್ಲಿ ಕಳೆದ ವರ್ಷಗಳಲ್ಲಿ ಚೆಕಾಫರು ಸುತ್ತಲಿನ ಮೂರು ಹಳ್ಳಿಗಳಲ್ಲಿ ರೈತಮಕ್ಕಳಿಗೆ ಶಾಲೆಗಳನ್ನು ಕಟ್ಟಿಸಿದರು. ತಾವೇ ನಕ್ಷೆ ನೋಡಿ, ಮರ ಇಟ್ಟಿಗೆಗಳನ್ನು ಕೊಂಡು, ಹಣ ಸಾಲದಾದಾಗ ಕೈಯಿಂದ ಹಾಕಿದರು. ಮುಚ್ಚಿಹೋಗುತ್ತಿದ್ದ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದನ್ನು ಉಳಿಸಲು ಓಡಾಡಿದರು. 1897ರ ಜನಗಣತಿಯಲ್ಲಿ ಮನೆಮನೆಗೆ ನಡೆದರು.

ಇಷ್ಟೆಲ್ಲವನ್ನು ಕಂಡ ಕಣ್ಣು ಒಂದು ಕಡೆ ಮಾತ್ರ ಮುಚ್ಚಿತ್ತು. 1884ರ ಕೊನೆಯಲ್ಲಿಯೇ ಅವರ ಬಾಯಿಂದ ರಕ್ತ ಬಂದಿತ್ತು. ಅನಂತರ ವರ್ಷವರ್ಷವೂ ಬರುತ್ತಿತ್ತು. ಗಂಟಲಿನ ರಕ್ತನಾಳ ಒಡೆದಿರಬೇಕು, ಕ್ಷಯವಲ್ಲ ಎಂದು ಮನೆಯವರಿಗೂ ಗೆಳೆಯರಿಗೂ ಹೇಳುತ್ತಿದ್ದರು. ಇನ್ನೊಬ್ಬ ವೈದ್ಯರು ಎದೆಗೆ ಕಿವಿಯಿಡಲು ಹನ್ನೆರಡು ವರ್ಷಗಳ ಕಾಲ ಅವಕಾಶ ಕೊಡಲಿಲ್ಲ. ಅಣ್ಣನ ಸಾವನ್ನು ಹತ್ತಿರದಿಂದ ಕಂಡ ವೈದ್ಯರಿಗೆ ಈ ಚಿಹ್ನೆಯ ಅರ್ಥ ತಿಳಿಯದಿರಲು ಸಾಧ್ಯವಿಲ್ಲ. ತಾಯಿಗೆ ಆತಂಕವಾದೀತೆಂಬ ಕರುಣೆಯೋ, ಕಾಲರಾ ಕೆಲಸ ನಿಂತೀತೆಂಬ ಹಟವೋ, ತಮ್ಮ ಸಾವನ್ನು ತಾವು ನೋಡಲಾರದ ಮನುಷ್ಯಸಹಜ ಭಯವೋ, ಮೂರೂ ಬೆರೆತಿರಬೇಕು. ಇನ್ನೊಬ್ಬರ ವಿಷಯದಲ್ಲಿ ಸತ್ಯವನ್ನು ಅಷ್ಟು ನಿಷ್ಠುರವಾಗಿ ಹಿಡಿದವರು ತಮಗೆ ತಾವು ಸುಳ್ಳು ಹೇಳಿಕೊಂಡರೆಂಬುದನ್ನು ಚರಿತ್ರಕಾರರು ಮರೆಮಾಚಬೇಕಾಗಿಲ್ಲ. ಸೋಂಕಿನ ವಿಚಾರದಲ್ಲಿಯೂ ಇದು ಸಣ್ಣ ತಪ್ಪಲ್ಲ. ಕಾಖ್ ಎಂಬ ಜರ್ಮನ್ ವಿಜ್ಞಾನಿ ಕ್ಷಯದ ಸೂಕ್ಷ್ಮಜೀವಿಯನ್ನು ಕಂಡುಹಿಡಿದುದು 1882ರಲ್ಲಿ, ಚೆಕಾಫರು ಇನ್ನೂ ವಿದ್ಯಾರ್ಥಿಯಾಗಿದ್ದಾಗ.

1897ರ ಮಾರ್ಚಿಯಲ್ಲಿ ಮಾಸ್ಕೋದ ಭೋಜನಶಾಲೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಬಾಯಿಂದ ರಕ್ತ ಧಾರೆಯಾಗಿ ಹರಿಯಿತು. ಅಸ್ತ್ರೌಮೋಫ್ ಅವರ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ಶ್ವಾಸಕೋಶಗಳೂ ಕೆಟ್ಟಿದ್ದವು. ವೈದ್ಯನು ರೋಗಿಯ ಮಂಚದಲ್ಲಿ ಮಲಗಿದನು. ಟಾಲ್‌ಸ್ಟಾಯ್ ನೋಡಲು ಬಂದು ಆತ್ಮದ ಅಮರತ್ವವನ್ನು ಕುರಿತು ದೀರ್ಘವಾಗಿ ಮಾತಾಡಿದರು. ಅದೇ ರಾತ್ರಿಯ ಕೊನೆಯ ಜಾವದಲ್ಲಿ ಮತ್ತೆ ರಕ್ತಸ್ರಾವವಾಯಿತು. ಮಹಾಪುರುಷರೂ ರೋಗಿಯ ಬಳಿ ಎಷ್ಟು ಹೊತ್ತು ಕೂರಬೇಕೆಂಬುದನ್ನು ಅರಿಯರು.

ಬಳಿಕ ಅವರು ಕರೀಸಮುದ್ರದ ದಂಡೆಯ ಯಾಲ್ಟಾದಲ್ಲಿ ಮನೆ ಕಟ್ಟಿಸಿ ಬಾಳಿದರು. ರಷ್ಯಾದ ಮೂಲೆಮೂಲೆಗಳಿಂದ ಬಡ ಕ್ಷಯರೋಗಿಗಳು ಬೆಚ್ಚನೆಯ ಗಾಳಿಯನ್ನು ನಂಬಿ ಅಲ್ಲಿಗೆ ಬರುತ್ತಿದ್ದರು. ಕೆಮ್ಮುವವರಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ. ಶಿಕ್ಷಕರು, ವಿದ್ಯಾರ್ಥಿಗಳು ಚೆಕಾಫರ ವಿಳಾಸವನ್ನು ಹುಡುಕಿಕೊಂಡು ಬಂದು ನಿಲ್ಲುತ್ತಿದ್ದರು. ಅವರಿಗಾಗಿ ಚಿಕಿತ್ಸಾಲಯವನ್ನು ಕಟ್ಟಲು ಚೆಕಾಫರು ಪತ್ರಿಕೆಗಳಲ್ಲಿ ಮನವಿ ಮಾಡಿ ಹಣ ಕೂಡಿಸಿದರು. ರೋಗಿಗಳಿಗಾಗಿ ರೋಗಿಯೇ ಭಿಕ್ಷೆ ಎತ್ತಿದಂತಾಯಿತು. 1900ರಲ್ಲಿ ರಷ್ಯಾದ ಅಕಾಡೆಮಿಯ ಗೌರವ ಸದಸ್ಯತ್ವ ಬಂದಿತು. ಗೋರ್ಕಿಯ ಆಯ್ಕೆಯನ್ನು ಸರ್ಕಾರ ರದ್ದು ಮಾಡಿಸಿದಾಗ 1902ರಲ್ಲಿ ಅದನ್ನು ಹಿಂದಿರುಗಿಸಿದರು. 1901ರಲ್ಲಿ ನಟಿ ಓಲ್ಗಾ ಕ್ನಿಪ್ಪರರನ್ನು ಮದುವೆಯಾದರು. ‘ಮೂವರು ಸೋದರಿಯರು’, ‘ಚೆರಿ ತೋಟ’ ನಾಟಕಗಳನ್ನು ದಿನಕ್ಕೆ ಕೆಲವೇ ಸಾಲುಗಳಂತೆ ಬರೆದು ಮುಗಿಸಿದರು. ಮೊದಲನೆಯದರಲ್ಲಿ ಕಲಿತುದನ್ನೆಲ್ಲ ಮರೆತು ರೋಗಿಯನ್ನು ಕೊಂದೆನೆಂದು ಕುಡಿದು ಅಳುವ ಮುದಿವೈದ್ಯನೊಬ್ಬನಿದ್ದಾನೆ; ಹಳೆಯ ಪ್ರಶ್ನೆ ಅವರನ್ನು ಅಲ್ಲಿಯೂ ಬಿಟ್ಟಿರಲಿಲ್ಲ.

1904ರ ಬೇಸಗೆಯಲ್ಲಿ ಪತ್ನಿಯೊಡನೆ ಜರ್ಮನಿಯ ಬಾಡನ್‌ವೈಲರ್ ಎಂಬ ಆರೋಗ್ಯಧಾಮಕ್ಕೆ ಹೋದರು. ಜುಲೈ 15ರ ನಸುಕಿಗೆ ಮುನ್ನ ಉಸಿರುಕಟ್ಟಿ ಎಚ್ಚರವಾಯಿತು. ಬಾಳಿನಲ್ಲಿ ಮೊದಲ ಬಾರಿಗೆ ವೈದ್ಯರನ್ನು ಕರೆಸೆಂದು ತಾವಾಗಿಯೇ ಕೇಳಿದರೆಂದು ಓಲ್ಗಾ ಬರೆದಿದ್ದಾರೆ. ಡಾಕ್ಟರ್ ಶ್ವೋರರ್ ಬಂದು ಸೂಜಿಮದ್ದು ಕೊಟ್ಟರು. ಆಮ್ಲಜನಕ ತರಿಸಲು ಹೊರಟಾಗ, ಅದು ಬರುವ ವೇಳೆಗೆ ತಾನು ಹೆಣವಾಗಿರುವೆನೆಂದು ರೋಗಿ ತಡೆದರು. ಚೆಕಾಫರು ಎದ್ದು ಕುಳಿತು, ತಾವು ಸಾಯುತ್ತಿರುವುದಾಗಿ ಜರ್ಮನ್ ಭಾಷೆಯಲ್ಲಿ ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದರು. ಶ್ವೋರರ್ ಒಂದು ಬಾಟಲಿ ಷಾಂಪೇನ್ ತರಿಸಿದರು. ಚೆಕಾಫರು ಲೋಟವನ್ನು ಬರಿದು ಮಾಡಿ, ಎಡಮಗ್ಗುಲಿಗೆ ಹೊರಳಿ ಮಲಗಿದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ.

ದೇಹ ಕೆಡದಿರಲೆಂದು ಕಡಲಚಿಪ್ಪಿನ ಮೀನುಗಳನ್ನು ಸಾಗಿಸುವ ತಂಪುಗಾಡಿಯಲ್ಲಿ ಅವರನ್ನು ರಷ್ಯಾಕ್ಕೆ ತಂದರು. ಮಾಸ್ಕೋದ ನೊವೊದೆವಿಚಿ ಸ್ಮಶಾನದಲ್ಲಿ ತಂದೆಯ ಗೋರಿಯ ಪಕ್ಕದಲ್ಲಿ ಸಮಾಧಿಯಾಯಿತು. ಯಾಲ್ಟಾದ ಮನೆಯನ್ನು ಸೋದರಿ ಮರಿಯಾ ಯುದ್ಧ, ಕ್ರಾಂತಿಗಳ ನಡುವೆಯೂ 1957ರಲ್ಲಿ ತಾವು ತೀರುವವರೆಗೆ ಕಾಪಾಡಿಕೊಂಡು ಬಂದರು.